ಕೊಳಚೆಯ ಗಸಿ ಹೊಲ ಸೇರಿದ ಕಥೆ

ನಗರದ ಕೊಳಚೆ ನೀರನ್ನು ಶುದ್ಧೀಕರಿಸಿದಾಗ ಮೇಲೆ ತಿಳಿನೀರು ನಿಲ್ಲುತ್ತದೆ, ತಳದಲ್ಲಿ ಕಪ್ಪು ಗಸಿ ಉಳಿಯುತ್ತದೆ. ಈ ಗಸಿಯನ್ನು ಎಲ್ಲಿ ಹಾಕುವುದು? ಇದು ಹಳೆಯ ಪ್ರಶ್ನೆ. ಇಂದು ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ಗಸಿಯನ್ನು ಹೊಲಕ್ಕೆ ಹಾಕಿದರೆ ಅದರೊಳಗಿನ ಇಂಗಾಲ ಗಾಳಿಗೆ ಹೋಗದೆ ಮಣ್ಣಿನಲ್ಲಿ ಉಳಿದೀತೇ?

1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಎಷ್ಟು ನಾರತೊಡಗಿತೆಂದರೆ, ದಡದಲ್ಲಿದ್ದ ಪಾರ್ಲಿಮೆಂಟಿನ ಕಲಾಪ ನಡೆಸುವುದೇ ಕಷ್ಟವಾಯಿತು. ಅನಂತರ ದೊಡ್ಡ ಚರಂಡಿಗಳನ್ನು ಕಟ್ಟಿ ಕೊಳಚೆಯನ್ನು ನಗರದಿಂದ ದೂರ ಸಾಗಿಸಲಾಯಿತು. ಹೊಲದ ಸತ್ವ ಆಹಾರವಾಗಿ ನಗರಕ್ಕೆ ಬಂದು ಸಮುದ್ರದ ಪಾಲಾಗುತ್ತಿದೆ, ಅದು ಹೊಲಕ್ಕೇ ಮರಳಬೇಕು ಎಂದು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ವಾದಿಸಿದರು.

ಮುಂದಿನ ಹೆಜ್ಜೆ ಮ್ಯಾಂಚೆಸ್ಟರಿನದು. ಗಿಲ್ಬರ್ಟ್ ಫೌಲರ್ ಅವರ ಸಲಹೆಯಂತೆ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳಚೆ ನೀರಿಗೆ ಗಾಳಿ ಊದಿ ನೋಡಿದರು. ಮೊದಲ ಸಲ ನೀರು ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ತಳದ ಗಸಿಯನ್ನು ಎಸೆಯದೆ ಹೊಸ ಕೊಳಚೆಗೆ ಬೆರೆಸುತ್ತ ಹೋದಾಗ ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಮೊಸರಿನ ಹೆಪ್ಪಿನಂತೆ ಗಸಿಯಲ್ಲಿದ್ದ ಸೂಕ್ಷ್ಮಜೀವಿಗಳೇ ಇದಕ್ಕೆ ಕಾರಣ. 1914ರಲ್ಲಿ ಪ್ರಕಟವಾದ ಈ ವಿಧಾನವೇ 'ಆಕ್ಟಿವೇಟೆಡ್ ಸ್ಲಡ್ಜ್'. ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ಊರ ಕಸ ಮತ್ತು ಮಲದಿಂದ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಅದು ಇಂದಿಗೂ 'ಬೆಂಗಳೂರು ವಿಧಾನ' ಎಂದೇ ಹೆಸರಾಗಿದೆ.

ಗಸಿ ಹಾಕಿದ ಹೊಲ ಮುಂದೆ ಏನಾಗುತ್ತದೆ? ಇದನ್ನು ತಿಳಿಯಲು ನೆರವಾದದ್ದು ಇಂಗ್ಲೆಂಡಿನ ವೋಬರ್ನ್‌ನ ಪ್ರಯೋಗ. ಅಲ್ಲಿನ ಮರಳು ಮಿಶ್ರಿತ ಮಣ್ಣಿಗೆ 1942ರಿಂದ 1961ರವರೆಗೆ ಗಸಿ ಹಾಕಿದರು. ಮಣ್ಣಿನಲ್ಲಿ ಇಂಗಾಲ ಹೆಚ್ಚಿತು. ಹಾಕುವುದನ್ನು ನಿಲ್ಲಿಸಿದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತ ಬಂದವು. ಇಂಗಾಲ ವರ್ಷದಿಂದ ವರ್ಷಕ್ಕೆ ಇಳಿಯಿತು. ಆದರೆ ಕಾರ್ಖಾನೆಗಳ ನೀರಿನೊಡನೆ ಚರಂಡಿ ಸೇರಿ ಗಸಿಯಲ್ಲಿ ಉಳಿದಿದ್ದ ಸತು, ತಾಮ್ರ, ಕ್ಯಾಡ್ಮಿಯಂಗಳು ಕರಗಿಹೋಗಲಿಲ್ಲ. 1980ರ ದಶಕದಲ್ಲಿ ಆ ಮಣ್ಣಿನಲ್ಲಿ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡವನ್ನು ಬೆಳೆಸಿದಾಗ ಅದು ಸೊರಗಿತು. ಅದರ ಬೇರಿನ ಗಂಟುಗಳಲ್ಲಿದ್ದ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿಯುವ ಶಕ್ತಿ ಕಳೆದುಕೊಂಡಿದ್ದವು. ಬಂದ ಇಂಗಾಲ ಹೊರಟುಹೋಗುತ್ತಿತ್ತು, ಬಂದ ಲೋಹ ಅಲ್ಲೇ ನೆಲೆಸಿತ್ತು!

ಹೀಗಾಗಿ ಕಾನೂನು ಬೇಕಾಯಿತು. ಗಸಿಯಲ್ಲಿಯೂ ಮಣ್ಣಿನಲ್ಲಿಯೂ ಲೋಹ ಎಷ್ಟಿರಬಹುದೆಂದು ಯೂರೋಪಿನ ರಾಷ್ಟ್ರಗಳ ಸಮುದಾಯ 1986ರಲ್ಲಿ ಮಿತಿ ಹಾಕಿತು. ಅಮೆರಿಕ 1993ರಲ್ಲಿ ತನ್ನ ನಿಯಮಗಳನ್ನು ತಂದಿತು. ಆದರೂ ಅಲ್ಲಿನ ಮೇಯ್ನ್ ರಾಜ್ಯ 2022ರಲ್ಲಿ ಹೊಲಕ್ಕೆ ಗಸಿ ಹಾಕುವುದನ್ನೇ ನಿಷೇಧಿಸಿತು. ಸುಲಭದಲ್ಲಿ ಕೊಳೆಯದ ಫ್ಲೂರಿನ್ ರಾಸಾಯನಿಕಗಳು ಗಸಿಯ ಮೂಲಕ ಹೊಲ, ಬಾವಿ, ಹಾಲುಗಳನ್ನು ಸೇರಿದ್ದು ಇದಕ್ಕೆ ಕಾರಣ.

ಇಂಗಾಲದ ಲೆಕ್ಕದಲ್ಲೂ ಎಚ್ಚರ ಬೇಕು. ಸುಟ್ಟುಹೋಗಲಿದ್ದ ಗಸಿಯನ್ನು ಮಣ್ಣಿಗೆ ಸೇರಿಸಿದರೆ ವಾತಾವರಣಕ್ಕೆ ಲಾಭವಿದೆ. ಆ ಹೊಲಕ್ಕೆ ಹೋಗುತ್ತಿದ್ದುದನ್ನು ಈ ಹೊಲಕ್ಕೆ ತಿರುಗಿಸಿದರೆ ಜಾಗ ಬದಲಾಯಿತೇ ಹೊರತು ಹೊಸ ಉಳಿತಾಯವೇನೂ ಆಗಲಿಲ್ಲ.

ಮಣ್ಣಿನ ಸತ್ವ ಮಣ್ಣಿಗೆ ಮರಳಬೇಕೆಂಬ ಲೀಬಿಗ್‌ರ ಮಾತು ಇಂದಿಗೂ ಸರಿಯೇ. ಆದರೆ ಹೊಲಕ್ಕೆ ಹೋಗುವ ಗಸಿ ಶುದ್ಧವಾಗಿರಬೇಕಾದರೆ ಚರಂಡಿಗೆ ವಿಷ ಸೇರದಂತೆ ಮೊದಲೇ ತಡೆಯಬೇಕು. ಆ ಕೆಲಸ ಶುರುವಾಗಬೇಕಾದದ್ದು ಹೊಲದಲ್ಲಲ್ಲ, ಕಾರ್ಖಾನೆಯ ಮೋರಿಯಲ್ಲಿ, ನಮ್ಮ ಮನೆಯ ಬಚ್ಚಲಲ್ಲಿ.