ವಝೀಫಾ: ಗಿರಣಿ ಊರಿನ ಮುಪ್ಪಿನ ಲೆಕ್ಕ

ದಾವಣಗೆರೆಯ ಸರಸ್ವತಿ ನಗರದಲ್ಲಿ ಬಿಸಿಲು ಇಳಿದ ಮೇಲೆ ಮನೆ ಮುಂದಿನ ಕಟ್ಟೆಗೆ ಬಂದು ಕೂರುವ ಇಬ್ಬರು ಹಿರಿಯರನ್ನು ನಾವು ಬಲ್ಲೆವು. ಒಬ್ಬರು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಇನ್ನೊಬ್ಬರು ಹತ್ತಿ ಗಿರಣಿಯೊಂದರ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದವರು. ವಯಸ್ಸು ಹೆಚ್ಚುಕಡಿಮೆ ಒಂದೇ, ಚಹಾದ ಅಂಗಡಿಯೂ ಒಂದೇ. ಆದರೆ ಚಹಾದ ದುಡ್ಡು ಕೊಡುವವರು ಮಾತ್ರ ಯಾವಾಗಲೂ ಮೇಷ್ಟ್ರೇ. ಒಮ್ಮೆ ಗಿರಣಿಯ ಚಾಚಾ ನಗುತ್ತಲೇ ಹೇಳಿದರು: “ನಿಮಗೇನ್ ಬಿಡ್ರಿ ಮೇಷ್ಟ್ರೇ, ಸಾಯೋ ತನಕ ಸರ್ಕಾರ ಕೊಡ್ತೈತಿ. ನಮ್ ಮಿಲ್ಲು ನಮಗಿಂತ ಮದ್ಲೇ ರಿಟೈರಾತು.”

ನಮ್ಮ ಊರಿನ ಅರ್ಧ ಶತಮಾನದ ಇತಿಹಾಸ ಆ ಒಂದು ಮಾತಿನಲ್ಲಿದೆ.

ಪಿಂಚಣಿಗೆ ಉರ್ದುವಿನಲ್ಲಿ ‘ವಝೀಫಾ’ ಎನ್ನುತ್ತಾರೆ. ಅದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ. ನಮಾಝಿನ ನಂತರ ದಿನವೂ ತಪ್ಪದೆ ಪಠಿಸುವ ಸ್ಮರಣೆಯೂ ವಝೀಫಾವೇ. ತಿಂಗಳು ತಿಂಗಳು ಬರುವ ಹಣಕ್ಕೂ ದಿನದಿನವೂ ಮಾಡುವ ಸಾಧನೆಗೂ ಹಿರಿಯರು ಒಂದೇ ಹೆಸರಿಟ್ಟರು. ನಿವೃತ್ತಿಗೆ ಬೇಕಾದ ಎರಡು ಸಿದ್ಧತೆಗಳೂ ಈ ಪದದೊಳಗಿವೆ: ಕೈಯ ಸಿದ್ಧತೆ ಮತ್ತು ಮನಸ್ಸಿನ ಸಿದ್ಧತೆ.

ಉಂಬಳಿಯಿಂದ ಒಂದಾಣೆಯವರೆಗೆ

ದುಡಿದವನ ಮುಪ್ಪನ್ನೂ ಅವನ ಮನೆಯವರನ್ನೂ ನೋಡಿಕೊಳ್ಳುವುದು ಹೊಸ ವಿಚಾರವೇನಲ್ಲ. ಯುದ್ಧದಲ್ಲಿ ಮಡಿದ ವೀರನ ಮನೆಯವರಿಗೆ ಭೂಮಿ ಬಿಡುವ ‘ನೆತ್ತರುಗೊಡಗೆ’ಯನ್ನು ಕನ್ನಡ ನಾಡಿನ ಶಾಸನಗಳು ಹೇಳುತ್ತವೆ. ಸೇವೆಗೆ ಉಂಬಳಿ, ಜಹಗೀರು ಕೊಡುವ ರೂಢಿಯೂ ಇತ್ತು. ದಾವಣಗೆರೆಯೇ ಅಂಥ ಒಂದು ಜಹಗೀರಿನಿಂದ ಬೆಳೆದ ಊರು. ಹೈದರಾಲಿ ಈ ಸಣ್ಣ ಹಳ್ಳಿಯನ್ನು ಅಪೋಜಿರಾಮ ಎಂಬ ಮರಾಠಾ ಸರದಾರನಿಗೆ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. ಪೇಟೆ ಹುಟ್ಟಿದ್ದು ಹಾಗೆ.

ಇಸ್ಲಾಮೀ ಇತಿಹಾಸದಲ್ಲಿ ಹಝ್ರತ್ ಉಮರ್(ರ)ರವರು ಹಿಜರಿ 20ರ ಆಸುಪಾಸಿನಲ್ಲಿ ‘ದೀವಾನ್’ ಎಂಬ ದಫ್ತರವನ್ನು ತೆರೆದರು. ಯಾರಿಗೆ ವರ್ಷಕ್ಕೆ ಎಷ್ಟು ಸಲ್ಲಬೇಕು ಎಂದು ಹೆಸರು ಹೆಸರಾಗಿ ಅದರಲ್ಲಿ ಬರೆಸಿದರು. ಇಮಾಮ್ ಅಬೂ ಯೂಸುಫ್ ತಮ್ಮ ‘ಕಿತಾಬುಲ್ ಖರಾಜ್’ನಲ್ಲಿ ಒಂದು ಪ್ರಸಂಗ ದಾಖಲಿಸಿದ್ದಾರೆ. ಬೀದಿಯಲ್ಲಿ ಬೇಡುತ್ತಿದ್ದ ಕುರುಡ ಮುದುಕನೊಬ್ಬ ಯಹೂದಿಯೆಂದು ಖಲೀಫರಿಗೆ ತಿಳಿಯಿತು. ಅವರು ಅವನನ್ನು ಮನೆಗೆ ಕರೆದೊಯ್ದು ಕೈಲಾದದ್ದು ಕೊಟ್ಟರು. ಪ್ರಾಯದಲ್ಲಿ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಹೇಳಿ, ಅವನಿಗೂ ಅವನಂಥವರಿಗೂ ಬೈತುಲ್‌ಮಾಲ್‌ನಿಂದ ಕೊಡಬೇಕೆಂದು ಆಜ್ಞೆ ಮಾಡಿದರು. ಮುಪ್ಪಿನ ಪಾಲು ಭಿಕ್ಷೆಯಲ್ಲ, ದುಡಿದವನ ಹಕ್ಕು ಎಂಬುದು ಈ ಪ್ರಸಂಗದ ಸಾರ. ಕಾರ್ಖಾನೆ ಕಾರ್ಮಿಕರಿಗೆ ಈ ಹಕ್ಕು ಕಾನೂನಾಗಿ ಸಿಕ್ಕಿದ್ದು ಬಹಳ ತಡವಾಗಿ. ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲಿ ವೃದ್ಧಾಪ್ಯ ವಿಮೆಯ ಕಾಯ್ದೆ ತಂದ. ಪಿಂಚಣಿಯ ವಯಸ್ಸನ್ನು 70 ಎಂದು ಇಟ್ಟ. ಅಷ್ಟು ಕಾಲ ಬದುಕುವ ಕಾರ್ಮಿಕರೇ ಆಗ ಕಡಿಮೆ.

ನಮ್ಮಲ್ಲಿ ಕಾರ್ಮಿಕರ ಭವಿಷ್ಯ ನಿಧಿ ಕಾಯ್ದೆ 1952ರಲ್ಲಿ ಬಂತು. ಅದು ಮೊದಲು ಅನ್ವಯವಾದ ಆರು ಉದ್ಯಮಗಳಲ್ಲಿ ಜವಳಿ ಒಂದು, ಇಂಜಿನಿಯರಿಂಗ್ ಇನ್ನೊಂದು. ಅಂದರೆ ಒಂದು ದಾವಣಗೆರೆಯದ್ದು, ಮತ್ತೊಂದು ಹರಿಹರದ್ದು! ದಾವಣಗೆರೆಯಲ್ಲಿ 1930ರ ದಶಕದಲ್ಲಿಯೇ ಹತ್ತಿ ಗಿರಣಿ ಶುರುವಾಗಿತ್ತು. ಮುಂದೆ ಒಂದರ ಹಿಂದೆ ಒಂದು ಗಿರಣಿ ಎದ್ದು ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ತುಂಗಭದ್ರೆಯ ದಂಡೆಯ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು.

ಭವಿಷ್ಯ ನಿಧಿಗೆ ಆರಂಭದಲ್ಲಿ ಹಿಡಿಯುತ್ತಿದ್ದದ್ದು ಶೇಕಡಾ 6.25. ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಒಂದಾಣೆ. ಕಾರ್ಮಿಕನದ್ದು ಒಂದಾಣೆ, ಮಾಲೀಕನದ್ದು ಒಂದಾಣೆ. 1972ರಲ್ಲಿ ಗ್ರಾಚ್ಯುಯಿಟಿ ಕಾಯ್ದೆ ಬಂದು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಸೇರಿತು. ಇವು ತಾನಾಗಿ ಬಂದ ಭಾಗ್ಯವಲ್ಲ. ಸಂಘ ಕಟ್ಟಿ, ಮುಷ್ಕರ ಹೂಡಿ ಪಡೆದದ್ದು. 1978ರಿಂದ ಸತತ ಮೂರು ಬಾರಿ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ದಾವಣಗೆರೆ ವಿಧಾನಸಭೆಗೆ ಕಳಿಸಿತೆಂದರೆ, ಗಿರಣಿ ಕಾರ್ಮಿಕರ ಮಾತಿಗೆ ಈ ಊರಲ್ಲಿ ಎಷ್ಟು ತೂಕವಿತ್ತೆಂದು ಊಹಿಸಬಹುದು.

ಗಿರಣಿಗೇ ನಿವೃತ್ತಿಯಾದಾಗ

ಈ ಇಡೀ ಏರ್ಪಾಡು ಒಂದು ನಂಬಿಕೆಯ ಮೇಲೆ ನಿಂತಿತ್ತು: ಕಾರ್ಮಿಕನಿಗೆ ಮುಪ್ಪು ಬರುತ್ತದೆ, ಗಿರಣಿಗೆ ಬರುವುದಿಲ್ಲ. ಅದು ಹುಸಿಯಾಯಿತು. ಹಳೆಯ ಯಂತ್ರ, ಪವರ್‌ಲೂಮ್ ಬಟ್ಟೆಯ ಪೈಪೋಟಿ, ಸಾಲದ ಹೊರೆ ಎಲ್ಲ ಸೇರಿ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಹರಿಹರದ ಕಿರ್ಲೋಸ್ಕರ್ ಕೂಡ ನಿಂತಿತು. ನಲವತ್ತೈದು, ಐವತ್ತರ ಗಂಡಸರು ಬೆಳಗಾಗುವುದರೊಳಗೆ ‘ನಿವೃತ್ತ’ರಾದರು. ಶಾಲೆ ಮುಗಿಯದ ಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು ಮನೆಯಲ್ಲಿದ್ದಾಗ ಬಂದ ನಿವೃತ್ತಿ ಅದು.

ಕೈಗೆ ಬಂದದ್ದೇನು? 1971ರ ಕುಟುಂಬ ಪಿಂಚಣಿ ಯೋಜನೆಯಲ್ಲಿ ತಿಂಗಳ ಹಣ ಸಿಗುತ್ತಿದ್ದದ್ದು ಕಾರ್ಮಿಕ ತೀರಿಕೊಂಡರೆ ಅವನ ಮನೆಯವರಿಗೆ. ಬದುಕಿ ನಿವೃತ್ತನಾದವನಿಗೆ ಒಂದು ಇಡಿಗಂಟು ಮಾತ್ರ. ಬದುಕಿರುವ ಕಾರ್ಮಿಕನಿಗೂ ತಿಂಗಳ ಪಿಂಚಣಿ ಎಂದಾದದ್ದು 1995ರ ನವೆಂಬರ್ 16ರಿಂದ. ಅದಕ್ಕೆ ಹಲವು ವರ್ಷ ಮೊದಲೇ ಗಿರಣಿ ಬಿಟ್ಟವರಿಗೆ ಆ ಬಾಗಿಲೂ ತೆರೆಯಲಿಲ್ಲ. ಒಳಗೆ ಸೇರಿದವರ ಲೆಕ್ಕ ಹೀಗೆ: ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 5,000 ರೂಪಾಯಿ ಸಂಬಳ, 14 ವರ್ಷ ಸೇವೆ ಎಂದರೆ ತಿಂಗಳಿಗೆ 1,000 ರೂಪಾಯಿ. ಅದಕ್ಕೆ ತುಟ್ಟಿಭತ್ಯೆ ಇಲ್ಲ. ಅಕ್ಕಿಯ ಬೆಲೆ ಏರುತ್ತದೆ, ವಝೀಫಾ ಅಲ್ಲೇ ನಿಂತಿರುತ್ತದೆ. 2014ರಲ್ಲಿ ಸರ್ಕಾರ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಗೆ ನಿಗದಿ ಮಾಡಿತು. ಅದಕ್ಕಿಂತ ಕಡಿಮೆ ಪಡೆಯುತ್ತಿದ್ದವರು ಎಷ್ಟೋ ಜನ ಇದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಟ್ಟೆಯ ಮೇಲಿನ ಮೇಷ್ಟ್ರಿಗೂ ಚಾಚಾನಿಗೂ ನಡುವಿನ ಅಂತರ ಇದು. ಮೇಷ್ಟ್ರಿಗಿರುವ ಭದ್ರತೆಯೂ ಅವರ ಮಗನಿಗಿಲ್ಲ. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ತಾವೇ ವಂತಿಗೆ ಕಟ್ಟಬೇಕಾದ ಹೊಸ ಪಿಂಚಣಿ ಪದ್ಧತಿ ಬಂತು.

ಇಡಿಗಂಟಿನ ಗತಿ

ಒಂದೊಂದೇ ಆಣೆಯಾಗಿ ಇಪ್ಪತ್ತು ಮೂವತ್ತು ವರ್ಷ ಕೂಡಿದ ಹಣ ಒಂದೇ ದಿನ ಕೈಗೆ ಬಂತು. ಅದು ಹೇಗೆ ಹೋಯಿತೆಂದು ನಮ್ಮ ಮೊಹಲ್ಲಾಗಳಲ್ಲಿ ಕೇಳಿದರೆ ಉತ್ತರಗಳು ಬೇರೆ ಬೇರೆಯಿಲ್ಲ. ಮಗಳ ಮದುವೆ, ಹೆಂಚಿನ ಮನೆಗೆ ಆರ್‌ಸಿಸಿ, ಮಗನಿಗೊಂದು ಆಟೊ, ಉಳಿದರೆ ಹಜ್ಜ್. ಯಾವುದನ್ನೂ ತಪ್ಪೆನ್ನುವಂತಿಲ್ಲ. ಆದರೆ ಇವೆಲ್ಲ ಮುಗಿದ ಮೇಲೆ ಮುಪ್ಪಿಗೆಂದು ಉಳಿದದ್ದು ಎಷ್ಟು? ಮದುವೆಯ ಪೆಂಡಾಲಿಗೆ ಸುರಿದದ್ದು ಯಾರ ಮುಪ್ಪಿನ ರೊಟ್ಟಿ? ಈ ಪ್ರಶ್ನೆಯನ್ನು ನಾವು ಜೋರಾಗಿ ಕೇಳಿಕೊಳ್ಳಲೇ ಇಲ್ಲ.

ಮಲೇಷ್ಯಾದ ಮುಸ್ಲಿಮರು ಇದೇ ಕಷ್ಟವನ್ನು ಕಂಡಿದ್ದರು. ರೈತರು ಹೊಲ, ದನ ಮಾರಿ ಹಜ್ಜ್‌ಗೆ ಹೋಗಿ ಬಡವರಾಗಿ ಮರಳುತ್ತಿದ್ದರು. ಅರ್ಥಶಾಸ್ತ್ರಜ್ಞ ಉಂಗ್ಕು ಅಝೀಝ್ 1959ರಲ್ಲಿ ಇದಕ್ಕೊಂದು ದಾರಿ ಸೂಚಿಸಿದರು. ಅದರ ಫಲವಾಗಿ 1960ರ ದಶಕದ ಆರಂಭದಲ್ಲಿ ಹಜ್ಜ್ ಉಳಿತಾಯದ ಸಂಸ್ಥೆ ಹುಟ್ಟಿತು. ಸಣ್ಣ ಸಣ್ಣ ಮೊತ್ತ ಕಟ್ಟುತ್ತ ಬಂದರೆ ಹೊಲ ಮಾರುವ ಪ್ರಮೇಯವಿಲ್ಲ. ನಾವೂ ಹಜ್ಜ್‌ಗೊಂದು, ಮದುವೆಗೊಂದು, ಮುಪ್ಪಿಗೊಂದು ಎಂದು ಬೇರೆ ಬೇರೆ ಗಂಟು ಕಟ್ಟಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಇಲ್ಲಿ ಬಡ್ಡಿಯ ಪ್ರಶ್ನೆ ಬರುತ್ತದೆ. ಭವಿಷ್ಯ ನಿಧಿಯ ಮೇಲೆ ಸೇರುವ ಹೆಚ್ಚಿನ ಹಣ ಹರಾಮೇ ಎಂಬ ಅಳುಕು ಅನೇಕರಿಗಿತ್ತು. ಮುಫ್ತಿ ಮುಹಮ್ಮದ್ ಶಫಿಯವರು ಉರ್ದುವಿನಲ್ಲಿ ಇದರ ಕುರಿತೇ ಒಂದು ಕಿರುಹೊತ್ತಗೆ ಬರೆದರು. ಕಡ್ಡಾಯವಾಗಿ ಸಂಬಳದಿಂದ ಹಿಡಿದ ಹಣ ಕಾರ್ಮಿಕನ ಕೈಸೇರುವವರೆಗೆ ಅವನ ಸ್ವತ್ತಾಗಿರುವುದಿಲ್ಲ, ಆದ್ದರಿಂದ ಅದರ ಮೇಲೆ ಸೇರಿದ್ದು ಬಡ್ಡಿಯ ವ್ಯಾಖ್ಯೆಗೆ ಬರುವುದಿಲ್ಲ ಎಂಬುದು ಅವರ ನಿಲುವು. ತಾನಾಗಿ ಹೆಚ್ಚು ಕಟ್ಟುವವರಿಗೆ ಅವರು ಎಚ್ಚರಿಕೆ ಹೇಳಿದರು. ಈ ವಿವರ ನಮ್ಮ ಕಾರ್ಮಿಕರವರೆಗೆ ಸರಿಯಾಗಿ ತಲುಪಲಿಲ್ಲ. ಬ್ಯಾಂಕೂ ಬೇಡ, ವಿಮೆಯೂ ಬೇಡ ಎಂದು ದೂರ ಉಳಿದವರನ್ನು ಬೇರೆಯವರು ಹುಡುಕಿಕೊಂಡು ಬಂದರು. ‘ಹಲಾಲ್ ಲಾಭ’ದ ಹೆಸರಿನಲ್ಲಿ ಹಣ ಸಂಗ್ರಹಿಸಿದ ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ಹತ್ತಾರು ಸಾವಿರ ಜನ ದೂರು ಹಿಡಿದು ನಿಂತರು. ಧರ್ಮದ ಹೆಸರು ಹೇಳಿದ ಮಾತ್ರಕ್ಕೆ ಲೆಕ್ಕ ಕೇಳುವುದನ್ನು ಬಿಡಬಾರದು. ಕೊಟ್ಟು ಪಡೆಯುವುದನ್ನು ಸಾಕ್ಷಿಗಳ ಮುಂದೆ ಬರೆದಿಡಿ ಎಂದು ಕುರ್‌ಆನ್ ಆದೇಶಿಸಿದೆಯಲ್ಲವೇ? ಸಮೃದ್ಧಿಯ ಏಳು ವರ್ಷಗಳ ಬೆಳೆಯನ್ನು ಬರದ ಏಳು ವರ್ಷಗಳಿಗೆ ಕೂಡಿಡಿಸಿದ ಪ್ರವಾದಿ ಯೂಸುಫ್(ಅ)ರ ಕಥೆಯೂ ಅದರಲ್ಲಿಯೇ ಇದೆ.

ದಫ್ತರದಲ್ಲಿ ಹೆಸರಿಲ್ಲದವರು

ಇಷ್ಟಾದರೂ ಗಿರಣಿ ಕಾರ್ಮಿಕನಿಗೆ ಒಂದು ದಫ್ತರವಿತ್ತು. ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯೆದುರು ನಿಲ್ಲುವವರಿಗೆ ಏನಿದೆ? ದಾವಣಗೆರೆಯ ಮಂಡಕ್ಕಿ ನಾಡಿಗೆಲ್ಲ ಗೊತ್ತು. ಅದನ್ನು ಹುರಿಯುವವರಲ್ಲಿ ನಮ್ಮ ಜನರೇ ಹೆಚ್ಚು. ಭವಿಷ್ಯ ನಿಧಿ ಕಾಯ್ದೆ ಮೊದಲು 50 ಜನ ದುಡಿಯುವ ಕಾರ್ಖಾನೆಗೆ, 1960ರ ತಿದ್ದುಪಡಿಯ ನಂತರ 20 ಜನರಿರುವಲ್ಲಿಗೆ ಅನ್ವಯವಾಯಿತು. ಕೆಲವೇ ಕೈಗಳಿಂದ ನಡೆಯುವ ಭಟ್ಟಿ ಆ ಗೆರೆಯ ಆಚೆಯೇ ಉಳಿಯಿತು. 2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದರೂ ಭವಿಷ್ಯ ನಿಧಿಗೆ 20ರ ಗೆರೆ ಹಾಗೆಯೇ ಇದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳ ಕಥೆ ಸ್ವಲ್ಪ ಬೇರೆ. ಮನೆಯಲ್ಲಿ ಕೂತು ಬೀಡಿ ಕಟ್ಟುವವರೂ ಭವಿಷ್ಯ ನಿಧಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು. ಆದರೆ ಕಾರ್ಡಿನಲ್ಲಿ ಹೆಸರು ಬರೆಸಿಕೊಂಡವರಿಗೆ ಮಾತ್ರ ಆ ತೀರ್ಪು ಅನ್ನವಾಗುತ್ತದೆ.

ಅಸಂಘಟಿತರಿಗೆಂದು ರಾಜ್ಯದಲ್ಲಿ 2007ರಲ್ಲಿ ಸಂಧ್ಯಾ ಸುರಕ್ಷಾ, ಕೇಂದ್ರದಿಂದ 2015ರಲ್ಲಿ ಅಟಲ್ ಪಿಂಚಣಿ, 2019ರಲ್ಲಿ ಶ್ರಮಯೋಗಿ ಮಾನ್‌ಧನ್ ಯೋಜನೆಗಳು ಬಂದವು. ಕೊನೆಯ ಎರಡಕ್ಕೆ 18ರಿಂದ 40ರೊಳಗೆ ಸೇರಬೇಕು. ಐವತ್ತಕ್ಕೆ ಎಚ್ಚರವಾದವನಿಗೆ ಅಲ್ಲಿ ಜಾಗವಿಲ್ಲ.

ಕೂಗು ನಿಂತ ಮೇಲೆ

ಹಣದ ಲೆಕ್ಕ ಹೇಗೋ ಹೇಳಬಹುದು, ಮನಸ್ಸಿನದ್ದು ಕಷ್ಟ. ಗಿರಣಿಯ ಕೂಗು ಒಂದು ಕಾಲಕ್ಕೆ ಊರಿನ ಗಡಿಯಾರವಾಗಿತ್ತು. ಅದು ನಿಂತು ಎಷ್ಟೋ ವರ್ಷಗಳಾದರೂ ಚಾಚಾ ಮೊದಲ ಪಾಳಿಯ ಹೊತ್ತಿಗೇ ಏಳುತ್ತಾರೆ. ಮೊದಮೊದಲು ಎದ್ದು ಏನು ಮಾಡಬೇಕೆಂದು ತಿಳಿಯದೆ ಗಿರಣಿಯ ಗೇಟಿನವರೆಗೆ ನಡೆದು ವಾಪಸಾಗುತ್ತಿದ್ದರಂತೆ. ಹಗಲೆಲ್ಲ ಮನೆಯಲ್ಲಿ ಕೂತು ಅಡುಗೆಮನೆಯ ತಪ್ಪು ಹುಡುಕುತ್ತಿದ್ದರು. “ಇವ್ರು ರಿಟೈರಾದ್ರು, ನಾನ್ ಯಾವಾಗ ಆಗೋದು?” ಎಂದು ಚಾಚಿ ಕೇಳಿದ್ದು ನಗೆಮಾತಲ್ಲ. ಯಾವ ಕಾಯ್ದೆಯೂ ಆ ಹೆಂಗಸಿಗೆ ನಿವೃತ್ತಿಯ ವಯಸ್ಸನ್ನು ಹೇಳಿಲ್ಲ. ಗಂಡನ ಕಾಲವಾದ ಮೇಲೆ ಸಿಗುವುದೂ ಅವನ ಪಿಂಚಣಿಯ ಅರ್ಧ.

ಅವರನ್ನು ಉಳಿಸಿದ್ದು ಒಂದು ಸಣ್ಣ ಕೆಲಸ. ಸಂಜೆ ಹೊತ್ತು ಓಣಿಯ ಮಕ್ಕಳಿಗೆ ಉರ್ದು ಅಕ್ಷರ ಹೇಳಿಕೊಡಲು ಶುರು ಮಾಡಿದರು. ಮೇಷ್ಟ್ರು ಅದೇ ಮಕ್ಕಳಿಗೆ ಕನ್ನಡ ಕಾಗುಣಿತ ಹೇಳುತ್ತಾರೆ. ಸಂಬಳವಿಲ್ಲದ, ಪಾಳಿ ತಪ್ಪದ ಕೆಲಸ. ಮುಪ್ಪಿಗಿಂತ ಮೊದಲು ಯೌವನವನ್ನೂ ರೋಗಕ್ಕಿಂತ ಮೊದಲು ಆರೋಗ್ಯವನ್ನೂ ಗನೀಮತ್ತೆಂದು ತಿಳಿಯಲು ಪ್ರವಾದಿ(ಸ)ರು ಬೋಧಿಸಿದ್ದಾರೆ. ಆ ಬೋಧನೆಯನ್ನು ನಾವು ಜುಮಾ ಭಾಷಣದಲ್ಲಿ ಕೇಳಿ ಅಲ್ಲೇ ಬಿಟ್ಟು ಬರುತ್ತೇವೆ.

ನಮ್ಮ ಮಸೀದಿ ಕಮಿಟಿಗಳು ರಮಝಾನಿನಲ್ಲಿ ಝಕಾತಿನ ಲೆಕ್ಕ ಹೇಳಿಕೊಡುತ್ತವೆ. ಅದೇ ಚಾಪೆಯ ಮೇಲೆ ವರ್ಷಕ್ಕೊಂದು ದಿನ ಭಟ್ಟಿಯ ಹುಡುಗರನ್ನೂ ಬೀಡಿಯ ಹೆಣ್ಣುಮಕ್ಕಳನ್ನೂ ಕೂರಿಸಿ, ಅವರ ಹೆಸರು ಯಾವ ದಫ್ತರದಲ್ಲಿದೆ, ಯಾವುದರಲ್ಲಿಲ್ಲ ಎಂದು ನೋಡಿದರೆ ಆಗದೇ? ಇಪ್ಪತ್ತೈದರ ಹುಡುಗ ಇಂದು ಹೆಸರು ಬರೆಸಿದರೆ ಅರವತ್ತಕ್ಕೆ ಚಹಾದ ದುಡ್ಡನ್ನು ತಾನೇ ಕೊಟ್ಟಾನು. ಈ ಮಾತನ್ನು ಕಟ್ಟೆಯ ಮೇಲೆ ಹೇಳಿದಾಗ ಚಾಚಾ ತಲೆಯಾಡಿಸಿದರು. ಮರುದಿನ ಸಂಜೆ ಪಾಠಕ್ಕೆ ಬಂದ ಮಕ್ಕಳ ಕೈಯಲ್ಲಿ, ನಿಮ್ಮಣ್ಣಂದಿರನ್ನು ಕರೆತನ್ನಿ ಎಂದು ಹೇಳಿ ಕಳಿಸಿದರು.