ಯಂತ್ರದ ಕಣ್ಣಲ್ಲಿ ಕಾಫಿ ತೋಟ

ಕಾಫಿ ಬೆಳೆಗಾರರು ನಾಲ್ಕು ಜನ ಸೇರಿದಲ್ಲಿ ಗೊಬ್ಬರ, ಬೋರರ್ ಹುಳು, ಆಳಿನ ಅಭಾವದ ಮಾತಿನ ಜೊತೆಗೆ ಈಗ ಎಐ ಕೂಡ ಬಂದು ಕೂತಿದೆ. ಎಲೆಯ ಫೋಟೊ ನೋಡಿ ರೋಗ ಹೇಳುವ ಆ್ಯಪ್, ಮಳೆಯ ಮುನ್ಸೂಚನೆ ಕೊಡುವ ಸೆನ್ಸರ್, ಇಳುವರಿ ಅಂದಾಜು ಮಾಡುವ ಡ್ರೋನ್ ಎಲ್ಲಕ್ಕೂ ಮಾರುವವರ ಬಾಯಲ್ಲಿ ಭರ್ಜರಿ ಭರವಸೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಿಗೆ ತಂತ್ರಜ್ಞಾನ ಬಂದ ದಾರಿಯನ್ನು ಹಿಂತಿರುಗಿ ನೋಡಿದರೆ, ಈ ಭರವಸೆಗಳನ್ನು ತೂಗುವ ಬಗೆಯೂ ಅಲ್ಲೇ ಸಿಗುತ್ತದೆ.

ಬಾಳೆಹೊನ್ನೂರಿನ ಪಾಠ

1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅದಕ್ಕೆ ಕಾರಣರಾದರು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲ ಅದೇ. 1940ರ ದಶಕದ ಎಸ್.795 ತಳಿಯಿಂದ 2007ರ ಚಂದ್ರಗಿರಿಯವರೆಗೆ ಯಾವ ಗಿಡವೂ ಒಂದು ಸಭೆಯ ಪ್ರದರ್ಶನದಿಂದ ಬೆಳೆಗಾರರ ಕೈಸೇರಲಿಲ್ಲ. ವರ್ಷಗಟ್ಟಲೆ ಪ್ಲಾಟುಗಳಲ್ಲಿ ನಿಂತು ಮಳೆ, ಬರ, ಎಲೆ ತುಕ್ಕು ಎಲ್ಲವನ್ನೂ ಉಂಡು ಬಂದವು. ಹಾಗಿದ್ದೂ ಕೆಲವು ತಳಿಗಳ ರೋಗನಿರೋಧಕ ಶಕ್ತಿ ಕಾಲಕ್ರಮೇಣ ಕುಂದಿತು. ಆಗ ಹೋಗಿ ಕೇಳಲು ಒಂದು ಬಾಗಿಲಿತ್ತು, ಉತ್ತರಿಸಬೇಕಾದವರೂ ಇದ್ದರು.

ಯಂತ್ರದ ಕಣ್ಣು ಮೊದಲು ಬಂದದ್ದು ತೋಟಕ್ಕಲ್ಲ, ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ. ಸಾಲಾಗಿ ಕೂತ ಹೆಂಗಸರು ಕಪ್ಪು ಬೀಜ, ಒಡಕು ಬೀಜಗಳನ್ನು ಕೈಯಿಂದ ಆರಿಸುತ್ತಿದ್ದ ಕೆಲಸವನ್ನು ಬಣ್ಣ ಗುರುತಿಸುವ ಸಾರ್ಟರ್ ಯಂತ್ರಗಳು ಬಹುಮಟ್ಟಿಗೆ ವಹಿಸಿಕೊಂಡವು. ಯಂತ್ರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಒಂದೇ ಕೋಣೆ, ಒಂದೇ ಬೆಳಕು, ಒಂದೇ ಪ್ರಶ್ನೆ: ಈ ಬೀಜ ಒಳ್ಳೆಯದೋ ಕೆಟ್ಟದ್ದೋ? ಆದರೆ ಉಳಿತಾಯ ಯಾರ ಪಾಲಾಯಿತು, ಕೂಲಿ ಯಾರದ್ದು ಹೋಯಿತು ಎಂಬ ಲೆಕ್ಕ ಯಂತ್ರದ ಬೆಲೆಪಟ್ಟಿಯಲ್ಲಿ ಇರಲಿಲ್ಲ.

ಬ್ಲಾಕ್‌ಚೈನ್‌ನಿಂದ ಎಐಗೆ

ಕಾಫಿಗೂ ಐಟಿಗೂ ನಂಟು ಹಳೆಯದು. ಚಿಕ್ಕಮಗಳೂರಿನ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕಾಫಿ ಡೇಯಲ್ಲಿ ಕಾಫಿಯ ಜೊತೆ ಇಂಟರ್‌ನೆಟ್ ಕೂಡ ಸಿಗುತ್ತಿತ್ತು. ಮುಂದೆ ಅವರು ಐಟಿ ಕಂಪನಿ ಮೈಂಡ್‌ಟ್ರೀಯಲ್ಲೂ ಹಣ ಹೂಡಿದರು. ಮೂಡಿಗೆರೆಯ ತೋಟದಲ್ಲಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರಿಗೆ ಒಳ್ಳೆಯ ಕನ್ನಡ ತಂತ್ರಾಂಶ ಬೇಕೆಂದು ಗಟ್ಟಿಯಾಗಿ ಹೇಳುತ್ತಿದ್ದರು.

2018ರ ಸೆಪ್ಟೆಂಬರ್‌ನಲ್ಲಿ ಕಾಫಿ ಮಂಡಳಿ ‘ಕಾಫಿ ಕೃಷಿ ತರಂಗ’ ಆರಂಭಿಸಿತು. ಚಿಕ್ಕಮಗಳೂರು, ಹಾಸನ ಜಿಲ್ಲೆಗಳೇ ಅದರ ಪ್ರಯೋಗಭೂಮಿ. ಫೋನ್ ಕರೆಯಲ್ಲೇ ಸಲಹೆ ಸಿಗುವ ಈ ಸೇವೆಗೆ ಸಾದಾ ಮೊಬೈಲ್ ಸಾಕು. 2019ರ ಮಾರ್ಚ್‌ನಲ್ಲಿ ಬೆಂಗಳೂರಿನ ಏಕಾ ಕಂಪನಿಯ ಜೊತೆ, ಪ್ರತಿ ವಹಿವಾಟನ್ನೂ ತಿದ್ದಲಾಗದಂತೆ ದಾಖಲಿಸುವ ಬ್ಲಾಕ್‌ಚೈನ್ ಆಧಾರಿತ ಇ-ಮಾರುಕಟ್ಟೆ ಬಂತು. ಬೆಳೆಗಾರ ಮತ್ತು ಖರೀದಿದಾರರ ನಡುವಿನ ಅಂತರ ಕಡಿಮೆಯಾಗಿ ಒಳ್ಳೆಯ ಬೆಲೆ ಸಿಗುತ್ತದೆ ಎಂಬುದು ಆಗಿನ ಮಾತು. ಅಂದು ಬ್ಲಾಕ್‌ಚೈನ್ ಹೊತ್ತಿದ್ದ ಭರವಸೆಯ ಮೂಟೆಯನ್ನು ಇಂದು ಎಐ ಹೊತ್ತಿದೆ. ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಕಳಸದ ಕಡೆಯ ಹಳ್ಳಿಗಳಿಗೆ ಮಾತ್ರ ಎರಡೂ ಅಷ್ಟೇ ದೂರ.

ಎಲೆ ಕಂಡಿತು, ಕಾಂಡ ಕಾಣಲಿಲ್ಲ

ಫೋಟೊದಿಂದ ರೋಗ ಪತ್ತೆ ಮಾಡುವ ಉತ್ಸಾಹಕ್ಕೆ ದೊಡ್ಡ ಒತ್ತಾಸೆ ಕೊಟ್ಟದ್ದು 2016ರ ಪ್ಲಾಂಟ್‌ವಿಲೇಜ್ ಅಧ್ಯಯನ. ಅದರಲ್ಲಿ 54,306 ಎಲೆಚಿತ್ರಗಳನ್ನು ಬಳಸಿದ ಎಐ ಮಾದರಿಯ ನಿಖರತೆ ಶೇ 99.35 ಎಂಬ ಅಂಕಿ ಲೋಕಕ್ಕೆಲ್ಲ ಗೊತ್ತಾಯಿತು. ಬೇರೆ ಸಂದರ್ಭದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇ 31ರ ಆಸುಪಾಸಿಗೆ ಕುಸಿಯಿತು ಎಂದು ಅದೇ ಪ್ರಬಂಧದಲ್ಲಿ ಬರೆದದ್ದು ಯಾವ ಜಾಹೀರಾತಿಗೂ ಬರಲಿಲ್ಲ. ಅಲ್ಲಿದ್ದ ಹದಿನಾಲ್ಕು ಬೆಳೆಗಳಲ್ಲಿ ಕಾಫಿ ಇರಲಿಲ್ಲ. ಆಮೇಲೆ ಕಾಫಿಯ ಚಿತ್ರಸಂಗ್ರಹಗಳೂ ಬಂದಿವೆ, ತಂತ್ರವೂ ಸುಧಾರಿಸಿದೆ. ಆದರೂ ಪ್ರಯೋಗಾಲಯದ ಅಂಕಿಗೂ ಮರದ ನೆರಳು, ಮಂಜು, ಒದ್ದೆ ಎಲೆಯ ತೋಟಕ್ಕೂ ನಡುವಿನ ಅಂತರವನ್ನು ಅಳೆದೇ ತಿಳಿಯಬೇಕು.

ಅರೇಬಿಕಾ ಬೆಳೆಗಾರರ ನಿದ್ದೆಗೆಡಿಸುವ ಬಿಳಿ ಕಾಂಡಕೊರಕವಂತೂ ಎಲೆಯಲ್ಲಿ ಸುಳಿವು ಕೊಡುವುದೇ ತಡವಾಗಿ. ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ತೊಗಟೆಯ ಮೇಲೆ ಎದ್ದ ಗೆರೆಯನ್ನು ಕಣ್ಣಿಂದ ನೋಡಿ, ಕೈಯಿಂದ ಸವರಿ ಗಿಡ ಗುರುತಿಸುವ ಆಳುಗಳ ಟ್ರೇಸಿಂಗ್ ಇವತ್ತಿಗೂ ಮುಖ್ಯ ಉಪಾಯ. ಹಾಗೆ ಗುರುತಿಸಿದ ಗಿಡವನ್ನು ಹುಳು ದುಂಬಿಯಾಗಿ ಹೊರಬೀಳುವ ಮೊದಲೇ ಕಿತ್ತು ಸುಡಬೇಕು. ಆ್ಯಪ್ ‘ಗಿಡ ಆರೋಗ್ಯವಾಗಿದೆ’ ಎಂದು ಹೇಳಿ ಒಂದು ಹಂಗಾಮು ತಪ್ಪಿತೆಂದರೆ ಪಕ್ಕದ ಗಿಡಗಳಿಗೂ ಹುಳು ಹತ್ತುತ್ತದೆ. ಚಂದಾ ಪಡೆದ ಕಂಪನಿಗೆ ಅದರಿಂದ ನಯಾಪೈಸೆ ನಷ್ಟವಿಲ್ಲ.

ಉಪಗ್ರಹದ ತೀರ್ಪು

ಇದಕ್ಕಿಂತ ದೊಡ್ಡ ಪರೀಕ್ಷೆ ಯುರೋಪಿನಿಂದ ಬರುತ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ ಎನ್ನುತ್ತದೆ ಐರೋಪ್ಯ ಒಕ್ಕೂಟದ 2023ರ ಕಾನೂನು. ಪ್ರತಿ ತೋಟದ ಭೂಸ್ಥಾನವನ್ನೂ ಕೊಡಬೇಕು. ಜಾರಿಯ ದಿನ ಎರಡು ಸಲ ಮುಂದೆ ಹೋಗಿದೆ. ಉದ್ದೇಶವೇನೋ ಒಳ್ಳೆಯದೇ. ತೊಡಕಿರುವುದು ಹತ್ತು ಮೀಟರ್ ಚೌಕದ ಉಪಗ್ರಹ ಚಿತ್ರ ಓದಿ ಕಾಡನ್ನು ಗುರುತಿಸುವ ನಕ್ಷೆಗಳಲ್ಲಿ. ಹಲಸು, ಅತ್ತಿ, ಮತ್ತಿ, ಸಿಲ್ವರ್ ಓಕ್‌ಗಳ ನೆರಳಿನ ಕೆಳಗೆ ಬೆಳೆದ ಮಲೆನಾಡಿನ ಕಾಫಿ ಮೇಲಿನಿಂದ ನೋಡಿದರೆ ಕಾಡಿನಂತೆಯೇ ಕಾಣುತ್ತದೆ. ಕಾನೂನಿನ ಪ್ರಕಾರ ತೋಟ ಕಾಡಲ್ಲ. ನಕ್ಷೆಯ ಪ್ರಕಾರ ಕಾಡಾಗಿಬಿಡಬಹುದು. ಮಳೆಗಾಲಕ್ಕೆ ಮುಂಚೆ ನೆರಳುಮರಗಳ ಕೊಂಬೆ ಸವರುವ ಮರಗಸಿಯೂ ಯಂತ್ರಕ್ಕೆ ಅರಣ್ಯನಾಶವಾಗಿ ಕಂಡರೆ ಆಶ್ಚರ್ಯವಿಲ್ಲ. ಇಂಥ ನಕ್ಷೆ ಕಡ್ಡಾಯವಲ್ಲ ಎಂದು ಒಕ್ಕೂಟವೇ ಹೇಳಿದೆ. ಆದರೂ ಅನುಮಾನ ಬಂದ ಲಾಟನ್ನು ಖರೀದಿದಾರ ಪಕ್ಕಕ್ಕಿಟ್ಟರೆ, ತೋಟ ತೋಟವೇ ಎಂದು ಸಾಬೀತು ಮಾಡುವ ಓಡಾಟ ಎರಡು ಎಕರೆಯ ಬೆಳೆಗಾರನ ಪಾಲಿಗೆ ಬರುತ್ತದೆ. ನೆರಳು ಉಳಿಸಿಕೊಂಡವನಿಗೇ ಹೆಚ್ಚು ಕಿರಿಕಿರಿ.

ಮಾಹಿತಿ ಯಾರದ್ದು?

ಎಷ್ಟೋ ಎಸ್ಟೇಟುಗಳಲ್ಲಿ ದಶಕಗಳ ಮಳೆ ಲೆಕ್ಕ ಇಂಚು, ಸೆಂಟುಗಳಲ್ಲಿ ಬರೆದಿಟ್ಟಿದೆ. ಹೂಮಳೆ ಯಾವಾಗ ಬಂತು, ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಸಿಕ್ಕಿತು, ಯಾವ ಬ್ಲಾಕಿನಲ್ಲಿ ಬೋರರ್ ಹೆಚ್ಚು ಎಂಬುದೆಲ್ಲ ತೋಟದ ಲೆಕ್ಕ ಬರೆಯುವ ರೈಟರುಗಳ ಪುಸ್ತಕದಲ್ಲಿದೆ, ಹಳೆಯ ಆಳುಗಳ ತಲೆಯಲ್ಲಿದೆ. ಎಐಗೆ ಬೇಕಾದ ಕಚ್ಚಾವಸ್ತು ಇದೇ. ಉಚಿತ ಆ್ಯಪ್ ಇದನ್ನು ಉಚಿತವಾಗಿಯೇ ಪಡೆದು, ನಾಳೆ ಚಂದಾ ಕಟ್ಟಿದವರಿಗೆ ಸಲಹೆಯಾಗಿ ಮಾರಬಹುದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ನೋಡಿಕೊಳ್ಳುವುದು ವ್ಯಕ್ತಿಯ ಮಾಹಿತಿಯನ್ನು. ತೋಟದ ಅನುಭವಕ್ಕೆ ಬೆಲೆ ಕಟ್ಟುವ ಕೆಲಸ ಅದರದ್ದಲ್ಲ. ಬೇರೆ ದಾರಿಯೂ ಇದೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡ ಧ್ವನಿಮಾದರಿ ಸಂಗ್ರಹಿಸುವಾಗ ಒಳ್ಳೆಯ ಕೂಲಿ ಕೊಟ್ಟಿತು, ಮಾಹಿತಿ ಮತ್ತೆ ಮಾರಾಟವಾದರೆ ಪಾಲು ಕೊಡುವ ನಿಯಮವನ್ನೂ ಇಟ್ಟಿತು.

ಎಐ ಬೇಡ ಎನ್ನುವ ಸ್ಥಿತಿಯಲ್ಲಿ ಮಲೆನಾಡಿಲ್ಲ. ಆಳು ಸಿಗುತ್ತಿಲ್ಲ, ಮಳೆ ಹದ ತಪ್ಪಿದೆ, ನೆರವು ಎಲ್ಲಿಂದ ಬಂದರೂ ಬೇಕು. ಆದರೆ ಹೊಸ ತಳಿಗೆ ಕೇಳುವ ಪುರಾವೆಯನ್ನು ಹೊಸ ಆ್ಯಪ್‌ಗೂ ಕೇಳಬೇಕು. ಬಾಳೆಹೊನ್ನೂರಿನ ಸಂಶೋಧನಾ ಸಂಸ್ಥೆ ಅದನ್ನು ಅರೇಬಿಕಾ ಮತ್ತು ರೊಬಸ್ಟಾ ತೋಟಗಳಲ್ಲಿ ಕನಿಷ್ಠ ಎರಡು ಹಂಗಾಮು ಓಡಿಸಿ, ಸರಿ ಹೇಳಿದ್ದನ್ನೂ ತಪ್ಪಿದ್ದನ್ನೂ ಕನ್ನಡದಲ್ಲಿ ಪ್ರಕಟಿಸಲಿ. ತಪ್ಪು ಸಲಹೆಯಿಂದಾದ ನಷ್ಟದಲ್ಲಿ ಕಂಪನಿಯ ಪಾಲೆಷ್ಟು ಎಂಬುದು ಕರಾರಿನಲ್ಲಿ ಇರಲಿ. ಅದಕ್ಕೆ ಒಪ್ಪದ ಕಂಪನಿಗೆ ತನ್ನ ಯಂತ್ರದ ಮೇಲೆ ತನಗೇ ನಂಬಿಕೆಯಿಲ್ಲ ಎಂದು ಬೆಳೆಗಾರರ ಸಂಘಗಳು ತಿಳಿದುಕೊಳ್ಳಬಹುದು.