ಹ್ಯಾಮಿಲ್ಟನ್ ವ್ಯವಸ್ಥೆಗಳ ಸಂಖ್ಯಾತ್ಮಕ ಪರಿಹಾರ: ಇತಿಹಾಸ

ಗ್ರಹಗಳು, ಅಣುಗಳು, ವೇಗವರ್ಧಕದೊಳಗಿನ ಕಣಗಳು – ಘರ್ಷಣೆಯಿಂದ ಶಕ್ತಿ ಸೋರಿಹೋಗದ ಇಂಥ ಚಲನೆಗಳನ್ನು ಸ್ಥಾನ ಮತ್ತು ಸಂವೇಗಗಳ ಜೋಡಿ ಸಮೀಕರಣಗಳಲ್ಲಿ ಬರೆಯುವ ಕ್ರಮವನ್ನು ಐರಿಷ್ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ 1834–35ರಲ್ಲಿ ರೂಪಿಸಿದ. ಮೂರು ಕಾಯಗಳು ಒಂದನ್ನೊಂದು ಸೆಳೆಯತೊಡಗಿದರೆ ಸಾಕು, ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಲೆಕ್ಕ ಹಾಕದೆ ಗತಿಯಿಲ್ಲ. ಆದರೆ ಆಯ್ಲರನ ಸರಳ ವಿಧಾನದಲ್ಲಿ ಗ್ರಹದ ಕಕ್ಷೆ ಸುರುಳಿಯಾಗಿ ಹೊರಕ್ಕೆ ಹಿಗ್ಗುತ್ತದೆ. ಬಹಳ ನಿಖರವೆನಿಸಿದ ರುಂಗೆ–ಕುಟ್ಟ ವಿಧಾನದಲ್ಲಿಯೂ ಶಕ್ತಿಯ ದೋಷ ನಿಧಾನವಾಗಿ ಒಂದೇ ದಿಕ್ಕಿಗೆ ಬೆಳೆಯುತ್ತ ಹೋಗುತ್ತದೆ.

ಇದಕ್ಕೆ ಮದ್ದು ಕಾರಣ ತಿಳಿಯುವ ಮೊದಲೇ ಬಳಕೆಯಲ್ಲಿತ್ತು. ಈಗಿನ ಸ್ಥಾನವನ್ನು ಇಮ್ಮಡಿಸಿ, ಹಿಂದಿನ ಸ್ಥಾನವನ್ನು ಕಳೆದು, ವೇಗೋತ್ಕರ್ಷವನ್ನು ಹೆಜ್ಜೆಯ ವರ್ಗದಿಂದ ಗುಣಿಸಿ ಕೂಡಿಸಿದರೆ ಮುಂದಿನ ಸ್ಥಾನ ಸಿಗುತ್ತದೆ. ನಾರ್ವೆಯ ಕಾರ್ಲ್ ಸ್ಟೋರ್ಮರ್ ಧ್ರುವಪ್ರಭೆಯ ಕಣಗಳ ಹಾದಿಯನ್ನು 1907ರಲ್ಲಿ ಈ ಬಗೆಯ ಲೆಕ್ಕದಿಂದಲೇ ಅರಸಿದ. 1967ರಲ್ಲಿ ಫ್ರಾನ್ಸಿನ ಲೂ ವೆರ್ಲೆ ಆರ್ಗಾನ್ ದ್ರವವನ್ನು ಹೋಲುವ 864 ಕಣಗಳನ್ನು ಕಂಪ್ಯೂಟರಿನಲ್ಲಿ ಇದೇ ಸೂತ್ರದಿಂದ ಓಡಿಸಿದರು. ಇದರ ಬೇರು ಇನ್ನೂ ಆಳದಲ್ಲಿದೆ: 1687ರ 'ಪ್ರಿನ್ಸಿಪಿಯಾ'ದಲ್ಲಿ ಕೆಪ್ಲರನ ಕ್ಷೇತ್ರಫಲ ನಿಯಮವನ್ನು ಸಾಧಿಸಲು ನ್ಯೂಟನ್ ಗ್ರಹವನ್ನು ನೇರ ಗೆರೆಯಲ್ಲಿ ಸಾಗಿಸಿ, ಸಮ ಅಂತರದ ಗಳಿಗೆಗಳಲ್ಲಿ ಸೂರ್ಯನತ್ತ ಒಂದೊಂದು ತಳ್ಳು ಕೊಡುತ್ತಾನೆ. ಆ ಬಹುಭುಜ ಪಥ ಈ ಸೂತ್ರದ್ದೇ.

ಗುಟ್ಟು ಇರುವುದು ಜ್ಯಾಮಿತಿಯಲ್ಲಿ. ನೇರ ಗೆರೆಯಲ್ಲಿ ಚಲಿಸುವ ಒಂದೇ ಕಣದ ಸ್ಥಾನ–ಸಂವೇಗ ಸಮತಲದಲ್ಲಿ ಬಿಂದುಗಳ ಒಂದು ಗುಂಪು ಆವರಿಸಿದ ಕ್ಷೇತ್ರಫಲ, ಆಕಾರ ಎಷ್ಟೇ ತಿರುಚಿದರೂ ಬದಲಾಗದು. ಈ ಗುಣವನ್ನೂ ಹೆಚ್ಚು ಆಯಾಮಗಳಲ್ಲಿ ಅದರ ವಿಸ್ತಾರವನ್ನೂ ಪ್ರತಿ ಹೆಜ್ಜೆಯಲ್ಲಿ ಕಾಪಾಡುವ ವಿಧಾನಗಳಿಗೆ ಸಿಂಪ್ಲೆಕ್ಟಿಕ್ ಎಂದು ಹೆಸರು; ಮೇಲಿನ ಸೂತ್ರವೂ ಅಂಥದ್ದೇ. ರೆನೆ ಡಿ ವೊಗೆಲೇರ್ 1956ರಲ್ಲೇ ಇಂಥ ವಿಧಾನಗಳ ಬಗ್ಗೆ ಬರೆದಿಟ್ಟರು, ಆದರೆ ಆ ವರದಿ ಪ್ರಕಟವಾಗಲಿಲ್ಲ. ವೇಗವರ್ಧಕಗಳಿಗಾಗಿ ರೊನಾಲ್ಡ್ ರೂತ್ 1983ರಲ್ಲಿ, ಬೀಜಿಂಗಿನಲ್ಲಿ ಫೆಂಗ್ ಕಾಂಗ್ 1984ರಲ್ಲಿ ಇವನ್ನು ಮತ್ತೆ ಕಂಡುಕೊಂಡರು. ರುಂಗೆ–ಕುಟ್ಟ ವಿಧಾನ ಸಿಂಪ್ಲೆಕ್ಟಿಕ್ ಆಗಲು ಬೇಕಾದ ಷರತ್ತನ್ನು 1988ರಲ್ಲಿ ಲಸಾನ್ಯಿ, ಸಾನ್ಸ್-ಸೆರ್ನಾ, ಸೂರಿಸ್ ಬೇರೆಬೇರೆಯಾಗಿ ಪ್ರಕಟಿಸಿದರು. ಅದೇ ವರ್ಷ ಗೆ ಮತ್ತು ಮಾರ್ಸ್ಡೆನ್ ಒಂದು ಮಿತಿಯನ್ನೂ ತೋರಿಸಿದರು: ಸಾಮಾನ್ಯವಾಗಿ ಸಿಂಪ್ಲೆಕ್ಟಿಕ್ ಗುಣವನ್ನೂ ಶಕ್ತಿಯನ್ನೂ ಒಟ್ಟಿಗೆ ಕರಾರುವಾಕ್ಕಾಗಿ ಉಳಿಸಲಾಗದು. ಆದರೂ ಶಕ್ತಿಯ ದೋಷ ದೀರ್ಘಕಾಲ ಅಂಕೆ ಮೀರದೆ ಓಲಾಡುತ್ತದೆ. ಲೆಕ್ಕ ಸಾಗುವುದು ಮೂಲಕ್ಕೆ ತೀರ ಸಮೀಪದ ಇನ್ನೊಂದು ಹ್ಯಾಮಿಲ್ಟನ್ ವ್ಯವಸ್ಥೆಯ ಹಾದಿಯಲ್ಲಿ ಎಂಬುದೇ ಇದಕ್ಕೆ ಕಾರಣ; ಈ ಕ್ಷೇತ್ರದ ಅತ್ಯಂತ ಸುಂದರ ವಿವರಣೆ ಇದು.

ಖಗೋಳದಲ್ಲಿ ಇದರ ಫಲ ದೊಡ್ಡದು. ಸೂರ್ಯನ ಸುತ್ತಲಿನ ಕೆಪ್ಲರ್ ಚಲನೆಯನ್ನೂ ಗ್ರಹಗಳ ಪರಸ್ಪರ ಸೆಳೆತವನ್ನೂ ಬೇರ್ಪಡಿಸಿ ಸರದಿಯಲ್ಲಿ ಲೆಕ್ಕ ಹಾಕುವ ವಿಧಾನವನ್ನು ವಿಸ್ಡಮ್ ಮತ್ತು ಹಾಲ್ಮನ್ 1991ರಲ್ಲಿ ಪ್ರಕಟಿಸಿದರು. 2009ರಲ್ಲಿ ಲಾಸ್ಕರ್ ಮತ್ತು ಗಾಸ್ಟಿನೋ ಮುಂದಿನ 500 ಕೋಟಿ ವರ್ಷಗಳ ಸೌರವ್ಯೂಹವನ್ನು 2,501 ಸಲ ಓಡಿಸಿ ನೋಡಿದಾಗ, ಸುಮಾರು ಶೇ. 1ರಷ್ಟು ಪ್ರಕರಣಗಳಲ್ಲಿ ಬುಧನ ಕಕ್ಷೆ ಅಪಾಯಕಾರಿಯಾಗಿ ಉದ್ದವಾಯಿತು. ಎರಡು ಕಾಯಗಳು ತೀರ ಹತ್ತಿರ ಬಂದಾಗ ಹೆಜ್ಜೆಯನ್ನು ಚಿಕ್ಕದು ಮಾಡಲೇಬೇಕು; ಮನಬಂದಂತೆ ಹಾಗೆ ಮಾಡಿದರೆ ಸಿಂಪ್ಲೆಕ್ಟಿಕ್ ವಿಧಾನದ ಲಾಭವೇ ಕೈತಪ್ಪುತ್ತದೆ.